ಚಂಡಮಾರುತ: ಉಗಮ, ಪರಿಣಾಮ ಹಾಗೂ ಸಾರ್ವಜನಿಕರು ತಿಳಿದಿರಬೇಕಾದ ಸಂಗತಿಗಳು

ಚಂಡಮಾರುತವು ದಡವನ್ನು ದಾಟುವ ಸ್ಥಳದಲ್ಲಿ ಮಾತ್ರ ಹಾನಿ ಉಂಟುಮಾಡುತ್ತದೆ ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಕರ್ನಾಟಕದ ಕರಾವಳಿಯಲ್ಲಿ ಚಂಡಮಾರುತಗಳು ನೇರವಾಗಿ ದಡ ದಾಟುವುದು ಅಪರೂಪವಾದ್ದರಿಂದ, ಇದು ಒಡಿಶಾ ಅಥವಾ ಆಂಧ್ರಪ್ರದೇಶದವರ ಸಮಸ್ಯೆ ಎಂದೂ ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ನೂರಾರು ಕಿಲೋಮೀಟರ್ ದೂರದಲ್ಲಿ ಸಾಗುವ ಚಂಡಮಾರುತವು ಉಳ್ಳಾಲದ ಮನೆಯನ್ನು ಸಮುದ್ರದ ಪಾಲು ಮಾಡಬಲ್ಲದು, ಕೋಲಾರದ ಹೊಲದಲ್ಲಿ ಕಟಾವಾಗಿ ಒಣಗುತ್ತಿರುವ ರಾಗಿಯನ್ನು ಕೊಳೆಸಬಲ್ಲದು. ಚಂಡಮಾರುತವು ಹೇಗೆ ಹುಟ್ಟುತ್ತದೆ, ಜನವಸತಿಯ ಮೇಲೆ ಯಾವ ರೀತಿಯಲ್ಲಿ ಎರಗುತ್ತದೆ, ಮುನ್ಸೂಚನೆ ದೊರೆತ ನಂತರ ಎಷ್ಟು ಕಾಲಾವಕಾಶವಿರುತ್ತದೆ ಹಾಗೂ ಹಾನಿಯಾದಲ್ಲಿ ಪರಿಹಾರ ಕೋರುವವರು ಯಾವ ಅಂಶಗಳನ್ನು ಗಮನಿಸಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಚಂಡಮಾರುತ ಎಂದರೇನು

ಸಮುದ್ರದ ಮೇಲಿನ ವಾಯುಭಾರವು ಸುತ್ತಲಿನ ಪ್ರದೇಶಕ್ಕಿಂತ ಕಡಿಮೆಯಾದಾಗ ಗಾಳಿಯು ಆ ಕಡೆಗೆ ಹರಿದುಬಂದು ಸುಳಿಯಾಗಿ ತಿರುಗತೊಡಗುತ್ತದೆ. ಭಾರತೀಯ ಹವಾಮಾನ ಇಲಾಖೆಯು ಈ ಸುಳಿಯನ್ನು ಅದರ ಗಾಳಿಯ ವೇಗದ ಆಧಾರದ ಮೇಲೆ ವರ್ಗೀಕರಿಸುತ್ತದೆ. ಗಾಳಿಯ ವೇಗವು ಗಂಟೆಗೆ 31 ಕಿ.ಮೀ. ತಲುಪಿದಾಗ ಅದು ವಾಯುಭಾರ ಕುಸಿತ, 50 ಕಿ.ಮೀ. ತಲುಪಿದಾಗ ತೀವ್ರ ವಾಯುಭಾರ ಕುಸಿತ, 62 ಕಿ.ಮೀ. ತಲುಪಿದ ನಂತರವೇ ಅದು ಚಂಡಮಾರುತ. ಹೆಸರು ಇಡುವುದು ಸಹ ಈ ಹಂತದಲ್ಲಿಯೇ. ಇದಕ್ಕೂ ಮೇಲೆ ತೀವ್ರ, ಅತಿ ತೀವ್ರ ಮುಂತಾದ ದರ್ಜೆಗಳಿದ್ದು, ಗಂಟೆಗೆ ಸುಮಾರು 222 ಕಿ.ಮೀ.ಗೂ ಮೀರಿದ ಗಾಳಿಯುಳ್ಳದ್ದನ್ನು ಸೂಪರ್ ಚಂಡಮಾರುತ ಎಂದು ಕರೆಯಲಾಗುತ್ತದೆ.

ಈ ಅಂಕಿಗಳನ್ನು ಓದುವಾಗ ಒಂದು ಲೆಕ್ಕವನ್ನು ನೆನಪಿನಲ್ಲಿಡುವುದು ಉಪಯುಕ್ತ. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆ ಅಥವಾ ಮೇಲ್ಛಾವಣಿಯ ಮೇಲೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹೆಂಚಿನ ಮನೆಯು 60 ಕಿ.ಮೀ. ವೇಗದ ಗಾಳಿಯನ್ನು ತಡೆದುಕೊಂಡಿತೆಂಬ ಕಾರಣಕ್ಕೆ 120 ಕಿ.ಮೀ. ವೇಗದ ಗಾಳಿಯನ್ನೂ ತಡೆದುಕೊಳ್ಳುವುದೆಂದು ನಂಬುವುದು ಸರಿಯಲ್ಲ.

ಚಂಡಮಾರುತ ಉಂಟಾಗುವ ಬಗೆ

ಚಂಡಮಾರುತದ ಬಂಡವಾಳವೆಲ್ಲವೂ ಬೆಚ್ಚನೆಯ ಸಮುದ್ರದ ನೀರು. ಸಮುದ್ರದ ಮೇಲ್ಮೈ ಉಷ್ಣತೆಯು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಲ್ಲದೆ, ಈ ಬೆಚ್ಚನೆಯ ಪದರವು ಮೇಲ್ಮೈಗೆ ಸೀಮಿತವಾಗಿರದೆ ಸುಮಾರು 50 ಮೀಟರ್ ಆಳದವರೆಗೂ ಇರಬೇಕು. ಪದರವು ತೆಳುವಾಗಿದ್ದಲ್ಲಿ ಗಾಳಿಯು ಸಮುದ್ರವನ್ನು ಕಲಕಿದ ಕೂಡಲೇ ಕೆಳಗಿನ ತಣ್ಣನೆಯ ನೀರು ಮೇಲೆ ಬಂದು ಚಂಡಮಾರುತದ ಶಕ್ತಿ ಕುಂದುತ್ತದೆ.

ಬೆಚ್ಚನೆಯ ನೀರಿನಿಂದ ಎದ್ದ ಆವಿಯು ಮೇಲೇರಿ, ತಣಿದು, ಮೋಡವಾಗಿ ಸಾಂದ್ರೀಕರಣಗೊಳ್ಳುವಾಗ ತನ್ನೊಳಗಿನ ಶಾಖವನ್ನು ಹೊರಬಿಡುತ್ತದೆ. ಈ ಶಾಖದ ಪ್ರಮಾಣವನ್ನು ಅಡುಗೆಮನೆಯ ಉದಾಹರಣೆಯಿಂದ ಅರಿಯಬಹುದು. ಪಾತ್ರೆಯಲ್ಲಿರುವ ನೀರನ್ನು ಕುದಿಯುವ ಹಂತಕ್ಕೆ ತರಲು ಎಷ್ಟು ಉರಿ ಬೇಕೋ, ಅದೇ ನೀರನ್ನು ಪೂರ್ತಿಯಾಗಿ ಆವಿಯಾಗಿಸಲು ಅದರ ಏಳು ಪಟ್ಟು ಉರಿ ಬೇಕು. ಆವಿಯು ಮತ್ತೆ ನೀರಾಗುವಾಗ ಅಷ್ಟೂ ಶಾಖವು ಹಿಂದಿರುಗಿ ಬರುತ್ತದೆ. ಸಾವಿರಾರು ಚದರ ಕಿಲೋಮೀಟರ್ ವಿಸ್ತಾರದ ಸಮುದ್ರದ ಮೇಲೆ ಈ ಕ್ರಿಯೆ ನಡೆದಾಗ ಮೋಡಗಳ ಒಳಗಿನ ಗಾಳಿ ಬಿಸಿಯಾಗಿ ಹಗುರಗೊಂಡು ಇನ್ನಷ್ಟು ಮೇಲೇರುತ್ತದೆ. ಕೆಳಗೆ ವಾಯುಭಾರ ಮತ್ತಷ್ಟು ಕುಸಿಯುತ್ತದೆ, ಸುತ್ತಲಿಂದ ಮತ್ತಷ್ಟು ತೇವಭರಿತ ಗಾಳಿ ನುಗ್ಗುತ್ತದೆ, ಮತ್ತಷ್ಟು ಆವಿ ಮೇಲೇರುತ್ತದೆ. ಬಡ್ಡಿಯು ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟಿಸುವಂತೆ ಈ ಸರಣಿಯು ತನ್ನಿಂದ ತಾನೇ ಬೆಳೆಯುತ್ತದೆ. ಚಂಡಮಾರುತವು ಭೂಮಿಯನ್ನು ತಲುಪಿದಾಗ ಆವಿಯ ಪೂರೈಕೆ ನಿಂತುಹೋಗುವುದರಿಂದ ದುರ್ಬಲಗೊಳ್ಳುತ್ತದೆ.

ಗಾಳಿಯು ನೇರವಾಗಿ ಕೇಂದ್ರಕ್ಕೆ ನುಗ್ಗದೆ ಸುತ್ತುವುದಕ್ಕೆ ಭೂಮಿಯ ಆವರ್ತನೆಯೇ ಕಾರಣ. ಉತ್ತರಾರ್ಧ ಗೋಳದಲ್ಲಿ ಈ ಸುಳಿಯು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಸಮಭಾಜಕ ವೃತ್ತದ ತೀರ ಸಮೀಪದಲ್ಲಿ ಈ ತಿರುಗಿಸುವ ಪ್ರಭಾವವು ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಸಾಮಾನ್ಯವಾಗಿ 5 ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತಗಳು ಹುಟ್ಟುವುದಿಲ್ಲ. ಮತ್ತೊಂದು ಅಗತ್ಯವೆಂದರೆ, ಕೆಳಗಿನ ಹಾಗೂ ಮೇಲಿನ ವಾತಾವರಣದ ಗಾಳಿಗಳ ನಡುವೆ ಹೆಚ್ಚಿನ ವ್ಯತ್ಯಾಸ ಇರಬಾರದು. ಇದ್ದಲ್ಲಿ ಬೆಳೆಯುತ್ತಿರುವ ಮೋಡಗಳ ಗೋಪುರವು ಓರೆಯಾಗಿ ಚದುರಿಹೋಗುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮುಂಗಾರಿನ ಗಾಳಿಗಳು ಕೆಳಗೆ ಒಂದು ದಿಕ್ಕಿಗೆ, ಮೇಲೆ ಇನ್ನೊಂದು ದಿಕ್ಕಿಗೆ ಬಲವಾಗಿ ಬೀಸುತ್ತವೆ. ಸಮುದ್ರ ಬೆಚ್ಚಗಿದ್ದು ಮಳೆ ಧಾರಾಳವಾಗಿದ್ದರೂ ಆ ತಿಂಗಳುಗಳಲ್ಲಿ ಚಂಡಮಾರುತಗಳು ವಿರಳವಾಗಿರಲು ಇದೇ ಕಾರಣ.

ಬಲಿತ ಚಂಡಮಾರುತದ ನಡುವೆ ಮೋಡವಿಲ್ಲದ, ಗಾಳಿಯಿಲ್ಲದ ವೃತ್ತಾಕಾರದ ಪ್ರದೇಶವಿರುತ್ತದೆ. ಇದನ್ನು ಚಂಡಮಾರುತದ ಕಣ್ಣು ಎನ್ನುತ್ತಾರೆ. ಇದರ ಸುತ್ತಲಿನ ಮೋಡಗಳ ಗೋಡೆಯಲ್ಲಿಯೇ ಅತ್ಯಂತ ರಭಸದ ಗಾಳಿ ಬೀಸುತ್ತದೆ. ಕಣ್ಣು ಒಂದು ಊರಿನ ಮೇಲೆ ಹಾದುಹೋಗುವಾಗ ಗಾಳಿ ತಟ್ಟನೆ ನಿಂತು ಆಕಾಶ ತಿಳಿಯಾಗುವುದುಂಟು. ಇದನ್ನು ಕಂಡು ಎಲ್ಲವೂ ಮುಗಿಯಿತೆಂದು ಹೊರಬಂದವರು ಕೆಲ ಸಮಯದಲ್ಲಿಯೇ ವಿರುದ್ಧ ದಿಕ್ಕಿನಿಂದ ಅಷ್ಟೇ ರಭಸದಿಂದ ಬೀಸುವ ಗಾಳಿಗೆ ಸಿಲುಕುತ್ತಾರೆ. ಮೊದಲ ಗಾಳಿಗೆ ಸಡಿಲಗೊಂಡ ಮರಗಳು ಮತ್ತು ಗೋಡೆಗಳು ಉರುಳುವುದು ಹೆಚ್ಚಾಗಿ ಈ ಎರಡನೆಯ ಹೊಡೆತಕ್ಕೆ.

ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರ

ಭಾರತದ ಎರಡೂ ಬದಿಯ ಸಮುದ್ರಗಳಲ್ಲಿ ಚಂಡಮಾರುತಗಳ ಕಾಲ ಎರಡು: ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್, ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್. ದೀರ್ಘಕಾಲದ ದಾಖಲೆಗಳನ್ನು ಗಮನಿಸಿದರೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳು ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಒಂದು ಹುಟ್ಟುತ್ತಿತ್ತು. ಗಂಗಾ, ಬ್ರಹ್ಮಪುತ್ರ, ಐರಾವತಿ ಮೊದಲಾದ ನದಿಗಳ ಸಿಹಿನೀರು ಕೊಲ್ಲಿಯ ಮೇಲ್ಪದರದಲ್ಲಿ ಹರಡಿಕೊಂಡು, ಕೆಳಗಿನ ತಣ್ಣನೆಯ ಉಪ್ಪುನೀರು ಮೇಲೆ ಬಾರದಂತೆ ತಡೆಯುವುದು ಇದಕ್ಕೆ ಒಂದು ಕಾರಣ. ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಗಾಳಿಯು ನೀರನ್ನು ಕಲಕಿ ತಣಿಸುತ್ತದೆ ಹಾಗೂ ಪಶ್ಚಿಮದ ಮರುಭೂಮಿಗಳಿಂದ ಒಣಗಾಳಿ ಬರುತ್ತದೆ.

ಆದರೆ ಈ ನಾಲ್ಕು–ಒಂದರ ಲೆಕ್ಕವನ್ನೇ ಇಂದಿಗೂ ನೆಚ್ಚಿಕೊಳ್ಳುವಂತಿಲ್ಲ. ಅರಬ್ಬಿ ಸಮುದ್ರವು ಬೆಚ್ಚಗಾಗುತ್ತಿದ್ದು, ಅಲ್ಲಿನ ಚಂಡಮಾರುತಗಳ ಸಂಖ್ಯೆ, ತೀವ್ರತೆ ಮತ್ತು ಅವಧಿ ಇತ್ತೀಚಿನ ದಶಕಗಳಲ್ಲಿ ಹೆಚ್ಚಿರುವುದನ್ನು ಪುಣೆಯ ಭಾರತೀಯ ಉಷ್ಣವಲಯದ ಹವಾಮಾನ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. 2019ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಮೂರು ಚಂಡಮಾರುತಗಳಾದರೆ ಅರಬ್ಬಿ ಸಮುದ್ರದಲ್ಲಿಯೇ ಐದು ಆದವು. ಅವುಗಳಲ್ಲಿ ಒಂದಾದ ಕ್ಯಾರ್, 2007ರ ಗೋನು ನಂತರ ಈ ಸಮುದ್ರದಲ್ಲಿ ಸೂಪರ್ ಚಂಡಮಾರುತದ ದರ್ಜೆಗೇರಿದ ಎರಡನೆಯದು. 2023ರ ಜೂನ್‌ನಲ್ಲಿ ಹುಟ್ಟಿದ ಬಿಪರ್‌ಜಾಯ್ ಹತ್ತು ದಿನಗಳಿಗೂ ಮೀರಿ ಜೀವಿಸಿ, ಜೂನ್ 15ರಂದು ಗುಜರಾತಿನ ಜಖೌ ಬಂದರಿನ ಬಳಿ ದಡ ದಾಟಿತು.

ಕೊಲ್ಲುವುದು ಹೆಚ್ಚಾಗಿ ನೀರು

ಚಂಡಮಾರುತವೆಂದರೆ ಗಾಳಿ ಎಂಬ ಕಲ್ಪನೆ ಸಹಜವಾದರೂ, ದೊಡ್ಡ ಪ್ರಮಾಣದ ಜೀವಹಾನಿಗೆ ಸಾಮಾನ್ಯವಾಗಿ ಕಾರಣವಾಗಿರುವುದು ದಡಕ್ಕೆ ನುಗ್ಗುವ ಸಮುದ್ರದ ನೀರು. ಇದನ್ನು ಚಂಡಮಾರುತದ ಉಬ್ಬರ ಎನ್ನಬಹುದು. ವಾಯುಭಾರವು ಒಂದು ಹೆಕ್ಟೋಪಾಸ್ಕಲ್‌ನಷ್ಟು ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅತ್ಯಂತ ಪ್ರಬಲವಾದ ಚಂಡಮಾರುತದಲ್ಲಿಯೂ ಇದರಿಂದಾಗುವ ಏರಿಕೆ ಸುಮಾರು ಒಂದು ಮೀಟರ್ ಮಾತ್ರ. ಉಳಿದ ಏರಿಕೆಯೆಲ್ಲವೂ ಗಾಳಿಯು ನೀರನ್ನು ದಡದ ಕಡೆಗೆ ದೂಡುವುದರಿಂದ ಆಗುತ್ತದೆ. ದಡದ ಬಳಿ ಸಮುದ್ರ ಆಳವಾಗಿದ್ದರೆ ದೂಡಲ್ಪಟ್ಟ ನೀರು ಅಡಿಯಲ್ಲಿ ಹಿಂದಕ್ಕೆ ಹರಿದುಹೋಗಬಹುದು. ಸಮುದ್ರ ಆಳವಿಲ್ಲದೆ ದೂರದವರೆಗೆ ಹರಡಿದ್ದರೆ ನೀರಿಗೆ ಹಿಂದಿರುಗುವ ದಾರಿಯಿರುವುದಿಲ್ಲ, ಅದು ಭೂಮಿಯ ಮೇಲೇರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತದ ಸಮಯವೂ ಕೂಡಿಬಂದರೆ ನೀರಿನ ಎತ್ತರ ಇನ್ನೂ ಹೆಚ್ಚುತ್ತದೆ.

ಬಂಗಾಳ ಕೊಲ್ಲಿಯ ಉತ್ತರ ತುದಿಯು ಆಲಿಕೆಯಂತೆ ಕಿರಿದಾಗುತ್ತಾ ಆಳವಿಲ್ಲದೆ ಇದೆ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಮೇಲೆರಗಿದ ಭೋಲಾ ಚಂಡಮಾರುತದಲ್ಲಿ ಮೂರರಿಂದ ಐದು ಲಕ್ಷ ಜನ ಮೃತಪಟ್ಟರೆಂದು ಅಂದಾಜಿಸಲಾಗಿದೆ. 1977ರ ನವೆಂಬರ್ 19ರಂದು ಆಂಧ್ರಪ್ರದೇಶದ ಕೃಷ್ಣಾ ನದಿಯ ಮುಖಜಭೂಮಿಯಲ್ಲಿರುವ ದಿವಿಸೀಮೆಯ ಹಳ್ಳಿಗಳಿಗೆ ಸಮುದ್ರ ನುಗ್ಗಿ ಹತ್ತು ಸಾವಿರದಷ್ಟು ಜನ ಜೀವ ಕಳೆದುಕೊಂಡರು. ಎರಡೂ ಕಡೆ ಜನರು ಮನೆಯೊಳಗೆ ಬಾಗಿಲು ಭದ್ರಪಡಿಸಿಕೊಂಡು ಗಾಳಿಯಿಂದ ರಕ್ಷಣೆ ಪಡೆಯಲು ಯತ್ನಿಸಿದರು. ಗಾಳಿಗೆ ಅದು ಸರಿಯಾದ ಕ್ರಮವೇ ಇರಬಹುದು, ಆದರೆ ನೀರಿಗೆ ಅಲ್ಲ. ತಗ್ಗು ಪ್ರದೇಶದಲ್ಲಿರುವವರಿಗೆ ಮನೆ ಬಿಟ್ಟು ತೆರಳುವುದೊಂದೇ ರಕ್ಷಣೆ.

ಸಮುದ್ರದ ನೀರು ಹಿಂದಿರುಗಿದ ಮೇಲೂ ಅದರ ಉಪ್ಪು ಉಳಿಯುತ್ತದೆ. 2009ರ ಮೇ 25ರಂದು ಐಲಾ ಚಂಡಮಾರುತವು ಸುಂದರಬನದ ಮಣ್ಣಿನ ಏರಿಗಳನ್ನು ಒಡೆದು ಗದ್ದೆಗಳಿಗೆ ಉಪ್ಪುನೀರು ತುಂಬಿದ ನಂತರ, ಅನೇಕ ಕಡೆ ಮುಂದಿನ ಕೆಲವು ಹಂಗಾಮುಗಳಲ್ಲಿ ಭತ್ತ ಬೆಳೆಯಲಾಗಲಿಲ್ಲ. ಕುಡಿಯುವ ನೀರಿನ ಕೆರೆಗಳೂ ಕೆಟ್ಟವು. ದುಡಿಯುವ ವಯಸ್ಸಿನ ಗಂಡಸರು ಹೊರರಾಜ್ಯಗಳಿಗೆ ಕೂಲಿಗೆ ತೆರಳಿದರು, ಮನೆ, ಮಕ್ಕಳು ಮತ್ತು ದೂರದಿಂದ ನೀರು ಹೊರುವ ಕೆಲಸ ಹೆಂಗಸರ ಪಾಲಿಗೆ ಬಂದಿತು. ಮೃತರ ಸಂಖ್ಯೆಯನ್ನು ಮಾತ್ರ ಎಣಿಸುವ ವರದಿಗಳಲ್ಲಿ ಈ ಬಗೆಯ ಹಾನಿ ಕಾಣಿಸಿಕೊಳ್ಳುವುದಿಲ್ಲ.

ಒಡಿಶಾ: 1999 ಮತ್ತು ನಂತರ

ಮುನ್ಸೂಚನೆಯ ಬೆಲೆ ಏನೆಂಬುದಕ್ಕೆ ಒಡಿಶಾದ ಅನುಭವಕ್ಕಿಂತ ಸ್ಪಷ್ಟವಾದ ಉದಾಹರಣೆ ದೇಶದಲ್ಲಿ ಇಲ್ಲ. 1999ರ ಅಕ್ಟೋಬರ್ 29ರಂದು ಗಂಟೆಗೆ ಸುಮಾರು 260 ಕಿ.ಮೀ. ವೇಗದ ಗಾಳಿಯೊಡನೆ ಸೂಪರ್ ಚಂಡಮಾರುತವು ಪಾರಾದೀಪದ ಸಮೀಪ ದಡ ದಾಟಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶಕ್ಕೆ ಐದಾರು ಮೀಟರ್ ಎತ್ತರದ ಸಮುದ್ರದ ನೀರು ನುಗ್ಗಿತು. ಅಧಿಕೃತ ಲೆಕ್ಕದಂತೆ ಹತ್ತು ಸಾವಿರಕ್ಕೆ ಸಮೀಪದಷ್ಟು ಜನರು ಮೃತಪಟ್ಟರು. ಇವರಲ್ಲಿ ಬಹುಪಾಲು ಜನ ಈ ಒಂದೇ ಜಿಲ್ಲೆಯವರು. ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಇರಲಿಲ್ಲವೆಂದಲ್ಲ. ಆದರೆ ಸುದ್ದಿ ತಲುಪಿದವರಿಗೆ ಹೋಗಲು ಸ್ಥಳವಿರಲಿಲ್ಲ, ಇಡೀ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು ಆಶ್ರಯ ಕಟ್ಟಡಗಳಿದ್ದವು.

ಅದೇ ವರ್ಷದ ಕೊನೆಯಲ್ಲಿ ಒಡಿಶಾ ಸರ್ಕಾರವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. ನಂತರದ ವರ್ಷಗಳಲ್ಲಿ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ವಿವಿಧೋದ್ದೇಶ ಆಶ್ರಯ ತಾಣಗಳು ಒಂದೊಂದಾಗಿ ನಿರ್ಮಾಣವಾಗಿ ಅವುಗಳ ಸಂಖ್ಯೆ 800 ಮೀರಿತು. ಸಾಮಾನ್ಯ ದಿನಗಳಲ್ಲಿ ಇವುಗಳಲ್ಲಿ ಶಾಲೆಗಳು ನಡೆಯುತ್ತವೆ. ಬಳಕೆಯಿಲ್ಲದ ಕಟ್ಟಡಕ್ಕೆ ಬೀಗ ಬಿದ್ದು, ಬೇಕಾದ ದಿನ ಬೀಗದ ಕೈ ಯಾರ ಬಳಿಯಿದೆ ಎಂದು ಹುಡುಕುವ ಪ್ರಸಂಗ ಬಾರದಿರಲು ಇದೊಂದು ಉತ್ತಮ ವ್ಯವಸ್ಥೆ.

2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತವು ಗಂಟೆಗೆ 200 ಕಿ.ಮೀ.ಗೂ ಮೀರಿದ ಗಾಳಿಯೊಡನೆ ಗೋಪಾಲಪುರದ ಬಳಿ ದಡ ದಾಟುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಒಡಿಶಾದಲ್ಲಿ ಮೃತರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. 2019ರ ಮೇ 3ರಂದು ಪುರಿಯ ಬಳಿ ದಡ ದಾಟಿದ ಫೋನಿಗೆ ಮುನ್ನ ಸುಮಾರು ಹನ್ನೆರಡು ಲಕ್ಷ ಜನರು ಸುರಕ್ಷಿತ ಸ್ಥಳ ಸೇರಿದ್ದರು. ಆಗ ರಾಜ್ಯದಲ್ಲಿ ಮೃತಪಟ್ಟವರು 64 ಮಂದಿ. ಮನೆಗಳು, ವಿದ್ಯುತ್ ಮಾರ್ಗಗಳು, ತೆಂಗಿನ ತೋಟಗಳು ಮಾತ್ರ ಉಳಿಯಲಿಲ್ಲ. ಪುರಿಯ ಕೆಲವು ಭಾಗಗಳಿಗೆ ವಿದ್ಯುತ್ ಮರಳಲು ವಾರಗಳೇ ಹಿಡಿದವು. ಜೀವ ಉಳಿಸುವುದರಲ್ಲಿ ಆಗಿರುವ ಪ್ರಗತಿಯು ಜೀವನೋಪಾಯ ಉಳಿಸುವುದರಲ್ಲಿ ಇನ್ನೂ ಆಗಿಲ್ಲವೆಂದು ಹೇಳಬೇಕಾಗುತ್ತದೆ.

ಓಖಿ: ದಡಕ್ಕಿಂತ ಮೊದಲು ಸಮುದ್ರದಲ್ಲಿದ್ದವರು

ಒಡಿಶಾದಲ್ಲಿ ಫಲ ನೀಡಿದ ಕ್ರಮವು ದಡದ ಮೇಲಿರುವವರಿಗೆ ಅನ್ವಯಿಸುತ್ತದೆ. ಆಳಸಮುದ್ರದಲ್ಲಿರುವ ಮೀನುಗಾರರ ಸ್ಥಿತಿ ಬೇರೆ. 2017ರ ನವೆಂಬರ್ 29ರಂದು ಶ್ರೀಲಂಕಾದ ಸಮೀಪ ವಾಯುಭಾರ ಕುಸಿತವಾಗಿದ್ದ ಓಖಿ, ಮರುದಿನವೇ ಕನ್ಯಾಕುಮಾರಿಯ ದಕ್ಷಿಣದಲ್ಲಿ ಚಂಡಮಾರುತವಾಯಿತು. ಕನ್ಯಾಕುಮಾರಿ ಮತ್ತು ತಿರುವನಂತಪುರ ಜಿಲ್ಲೆಗಳ ಅನೇಕ ಬೋಟುಗಳು ಅದಕ್ಕೂ ಹಲವು ದಿನಗಳ ಹಿಂದೆಯೇ ಸಮುದ್ರಕ್ಕೆ ತೆರಳಿದ್ದವು. ಬೋಟುಗಳಲ್ಲಿದ್ದ ವೈರ್‌ಲೆಸ್ ಉಪಕರಣಗಳ ವ್ಯಾಪ್ತಿ ಕೆಲವು ಹತ್ತು ಕಿಲೋಮೀಟರ್ ಮಾತ್ರ. ಎಚ್ಚರಿಕೆ ಹೊರಡಿಸಿದರೂ ಅವರಿಗೆ ಅದನ್ನು ತಲುಪಿಸುವ ಮಾರ್ಗವಿರಲಿಲ್ಲ. ನೂರಾರು ಮಂದಿ ಮೃತಪಟ್ಟರು ಅಥವಾ ಕಾಣೆಯಾದರು. ಗಾಳಿಗೆ ಸಿಕ್ಕಿದ ಕೆಲವು ಬೋಟುಗಳು ಲಕ್ಷದ್ವೀಪವನ್ನೂ ಮಹಾರಾಷ್ಟ್ರದ ಕರಾವಳಿಯನ್ನೂ ಸೇರಿದವು.

ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸಾಗುವ ಬೋಟ್ 300 ಕಿ.ಮೀ. ದೂರದಿಂದ ಬಂದರಿಗೆ ಹಿಂದಿರುಗಲು 20 ಗಂಟೆ ಬೇಕು, ಅದೂ ಸಮುದ್ರ ಶಾಂತವಾಗಿದ್ದರೆ. ದಡದಲ್ಲಿರುವವರಿಗೆ ಸಾಕಷ್ಟಾಗುವ 24 ಗಂಟೆಗಳ ಮುನ್ಸೂಚನೆಯು ಆಳಸಮುದ್ರದಲ್ಲಿರುವವರಿಗೆ ತಡವಾದ ಮುನ್ಸೂಚನೆಯೇ ಸರಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಆದರೆ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲವಾದ ಮೇ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ನಿಷೇಧದ ಹೊರಗಿದ್ದು, ಆಗ ಬೋಟುಗಳು ಸಮುದ್ರದಲ್ಲಿಯೇ ಇರುತ್ತವೆ. ಓಖಿಯ ನಂತರ ಉಪಗ್ರಹದ ಮೂಲಕ ಸಂದೇಶ ರವಾನಿಸುವ ಸಾಧನಗಳನ್ನು ಬೋಟುಗಳಿಗೆ ಅಳವಡಿಸುವ ಕಾರ್ಯಕ್ರಮಗಳು ಆರಂಭವಾಗಿವೆ. ಬೋಟ್ ಮಾಲೀಕರು ಈ ಸಾಧನವನ್ನು ತಪಾಸಣೆಯ ದಿನಕ್ಕೆಂದು ಇಟ್ಟುಕೊಳ್ಳದೆ ಸಮುದ್ರದಲ್ಲಿ ಚಾಲನೆಯಲ್ಲಿಡತಕ್ಕದ್ದು.

ಕಾಣೆಯಾದವರ ಕುಟುಂಬಗಳು ಎದುರಿಸಿದ ಮತ್ತೊಂದು ಸಂಕಷ್ಟವನ್ನು ಇಲ್ಲಿ ಪ್ರಸ್ತಾಪಿಸುವುದು ಅವಶ್ಯ. ಸಾಮಾನ್ಯ ಕಾನೂನಿನಂತೆ, ಏಳು ವರ್ಷ ಸುಳಿವಿಲ್ಲದ ವ್ಯಕ್ತಿಯನ್ನು ಮಾತ್ರ ಮೃತನೆಂದು ಭಾವಿಸಲಾಗುತ್ತದೆ. ಮರಣ ಪ್ರಮಾಣಪತ್ರವಿಲ್ಲದೆ ವಿಧವಾ ವೇತನ, ವಿಮೆ, ಬ್ಯಾಂಕ್ ಖಾತೆಯ ಹಣ ಯಾವುದೂ ದೊರೆಯುವುದಿಲ್ಲ. ಓಖಿಯ ನಂತರ ಕೇರಳ ಮತ್ತು ತಮಿಳುನಾಡು ಸರ್ಕಾರಗಳು ಏಳು ವರ್ಷ ಕಾಯದೆ, ವಿಚಾರಣೆ ನಡೆಸಿ ಕಾಣೆಯಾದವರ ಕುಟುಂಬಗಳಿಗೂ ಪರಿಹಾರ ನೀಡಲು ವಿಶೇಷ ಕ್ರಮ ಕೈಗೊಂಡವು. ಇಂತಹ ವಿಚಾರಣೆಯಲ್ಲಿ ಮೊದಲು ಸಾಬೀತಾಗಬೇಕಾದುದು, ಆ ವ್ಯಕ್ತಿಯು ಆ ದಿನ ಆ ಬೋಟಿನಲ್ಲಿ ಇದ್ದನೆಂಬುದು. ಆದ್ದರಿಂದ ಪ್ರತಿ ಬಾರಿ ಹೊರಡುವಾಗ ಬೋಟಿನಲ್ಲಿರುವವರೆಲ್ಲರ ಹೆಸರಿನ ಪಟ್ಟಿಯ ಒಂದು ಪ್ರತಿಯನ್ನು ದಡದಲ್ಲಿ ಬಿಟ್ಟುಹೋಗುವುದು ಹಾಗೂ ಹೊರರಾಜ್ಯದ ಕಾರ್ಮಿಕರ ಹೆಸರನ್ನೂ ಅದರಲ್ಲಿ ತಪ್ಪದೆ ಸೇರಿಸುವುದು ಕೇವಲ ಔಪಚಾರಿಕತೆಯಲ್ಲ.

ಕರ್ನಾಟಕದ ಕರಾವಳಿ ಮತ್ತು ಒಳನಾಡು

2021ರ ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಆರಂಭಗೊಂಡ ತೌಕ್ತೆ, ಕೇರಳ, ಕರ್ನಾಟಕ, ಗೋವಾ ಮತ್ತು ಮಹಾರಾಷ್ಟ್ರದ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ಊನಾ ಸಮೀಪ ದಡ ದಾಟಿತು. ಕರ್ನಾಟಕದ ದಡವನ್ನು ಅದರ ಕೇಂದ್ರ ಎಲ್ಲಿಯೂ ಮುಟ್ಟಲಿಲ್ಲ. ಆದರೂ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಭಾರೀ ಮಳೆಯಾಯಿತು, ಉಳ್ಳಾಲ ಮತ್ತು ಸೋಮೇಶ್ವರದಲ್ಲಿ ಕಡಲ್ಕೊರೆತ ತೀವ್ರವಾಯಿತು, ಮನೆಗಳು, ರಸ್ತೆಗಳು, ವಿದ್ಯುತ್ ಕಂಬಗಳು ನೆಲಕಚ್ಚಿದವು. ಕಾಪುವಿನ ಸಮೀಪ ಬಂಡೆಗಳ ನಡುವೆ ಸಿಲುಕಿದ ಟಗ್ ಒಂದರಲ್ಲಿದ್ದ 9 ಮಂದಿಯನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಮೇ 17ರಂದು ರಕ್ಷಿಸಿದವು. ದೂರದ ಗಾಳಿಯು ಎಬ್ಬಿಸಿದ ಅಲೆಗಳು ನೂರಾರು ಕಿಲೋಮೀಟರ್ ಸಾಗಿ ಬಂದು ಮರಳಿನ ದಡವನ್ನು ಕೊರೆಯುವುದರಿಂದ ಹೀಗಾಗುತ್ತದೆ.

ಒಳನಾಡಿನ ಜಿಲ್ಲೆಗಳಿಗೆ ಹಾನಿ ಬರುವುದು ಪೂರ್ವದಿಂದ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ದಾಟಿದ ಫೆಂಗಲ್‌ನ ಅವಶೇಷವು ದಕ್ಷಿಣ ಕರ್ನಾಟಕದ ಮೇಲೆ ಹಾದು ಡಿಸೆಂಬರ್ ಮೊದಲ ವಾರದಲ್ಲಿ ಅರಬ್ಬಿ ಸಮುದ್ರವನ್ನು ಸೇರಿತು. ಅಷ್ಟರಲ್ಲಿ ಅದು ಚಂಡಮಾರುತವಾಗಿ ಉಳಿದಿರಲಿಲ್ಲ, ಆದರೆ ಮಳೆ ಉಳಿದಿತ್ತು. ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳು ರಾಗಿ ಹಾಗೂ ಭತ್ತದ ಕಟಾವಿನ ಕಾಲ, ಮಲೆನಾಡಿನಲ್ಲಿ ಕಾಫಿ ಕೊಯ್ಲಿನ ಮತ್ತು ಒಣಗಿಸುವ ಕಾಲ. ವರ್ಷದ ದುಡಿಮೆಯು ಹೊಲದಲ್ಲಿ ಅಥವಾ ಕಣದಲ್ಲಿ ಹರಡಿಕೊಂಡಿರುವಾಗ ಎರಡು ದಿನಗಳ ಜಿಟಿಜಿಟಿ ಮಳೆಯೂ ಚಂಡಮಾರುತದಷ್ಟೇ ನಷ್ಟವುಂಟು ಮಾಡುತ್ತದೆ.

ಮುನ್ನೆಚ್ಚರಿಕೆಯ ಹಂತಗಳು

ಹವಾಮಾನ ಇಲಾಖೆಯು ನಾಲ್ಕು ಹಂತಗಳಲ್ಲಿ ಎಚ್ಚರಿಕೆ ನೀಡುತ್ತದೆ. ಸುಮಾರು 72 ಗಂಟೆ ಮುಂಚಿತವಾಗಿ ಆಡಳಿತಕ್ಕೆ ಪೂರ್ವಸೂಚನೆ, ಪ್ರತಿಕೂಲ ಹವಾಮಾನ ಆರಂಭವಾಗುವ 48 ಗಂಟೆ ಮುನ್ನ ಹಳದಿ ಬಣ್ಣದ ಸೂಚನೆ, 24 ಗಂಟೆ ಮುನ್ನ ಕಿತ್ತಳೆ ಬಣ್ಣದ ಎಚ್ಚರಿಕೆ, ದಡ ದಾಟುವ ಸುಮಾರು 12 ಗಂಟೆ ಮುನ್ನ ಕೆಂಪು ಬಣ್ಣದ ಎಚ್ಚರಿಕೆ. ಹಳದಿ ಎಂದರೆ ನಿರ್ಲಕ್ಷಿಸಬಹುದಾದದ್ದು ಎಂಬ ತಿಳಿವಳಿಕೆ ತಪ್ಪು. ದೋಣಿಗಳನ್ನು ಎತ್ತರಕ್ಕೆ ಎಳೆದು ಕಟ್ಟುವುದು, ಕಟಾವಾದ ಬೆಳೆಯನ್ನು ಒಳಸೇರಿಸುವುದು, ಜಾನುವಾರುಗಳನ್ನು ಸಾಗಿಸುವುದು, ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸುವುದು ಮುಂತಾದ ಕೆಲಸಗಳಿಗೆ ಹಗಲು ಬೆಳಕು ಮತ್ತು ಸಂಚಾರಯೋಗ್ಯ ರಸ್ತೆ ದೊರೆಯುವುದು ಹಳದಿಯ ಅವಧಿಯಲ್ಲಿ ಮಾತ್ರ. ಕೆಂಪು ಬರುವ ಹೊತ್ತಿಗೆ ಮಾಡಲು ಉಳಿಯುವುದು ಆಶ್ರಯದಲ್ಲಿ ಕಾಯುವುದಷ್ಟೇ.

ಪರಿಹಾರ ಕೋರುವವರ ಗಮನಕ್ಕೆ

ವಿಪತ್ತು ಪರಿಹಾರ ನಿಧಿಯಿಂದ ನೀಡುವ ಮೊತ್ತವು ತಕ್ಷಣದ ನೆರವೇ ಹೊರತು ನಷ್ಟಭರ್ತಿಯಲ್ಲ ಎಂಬುದನ್ನು ಅರ್ಜಿದಾರರು ತಿಳಿದಿರುವುದು ಒಳಿತು. 2022–23ರಿಂದ 2025–26ರ ಅವಧಿಗೆ ಕೇಂದ್ರ ಗೃಹ ಮಂತ್ರಾಲಯವು ನಿಗದಿಪಡಿಸಿದ ಮಾನದಂಡಗಳಂತೆ, ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಬಯಲು ಪ್ರದೇಶದಲ್ಲಿ ಪೂರ್ಣವಾಗಿ ಹಾನಿಗೊಂಡ ಮನೆಗೆ 1.20 ಲಕ್ಷ ರೂಪಾಯಿ, ಶೇಕಡ 33 ಮತ್ತು ಅದಕ್ಕೂ ಹೆಚ್ಚು ಬೆಳೆಹಾನಿಯಾದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಬೆಳೆ ಪರಿಹಾರವು ಎರಡು ಹೆಕ್ಟೇರಿಗೆ ಸೀಮಿತ. ರಾಜ್ಯ ಸರ್ಕಾರವು ತನ್ನ ಸಂಪನ್ಮೂಲದಿಂದ ಹೆಚ್ಚುವರಿ ಮೊತ್ತ ಘೋಷಿಸಿದ ಸಂದರ್ಭಗಳೂ ಇವೆ. ಅದು ಆಯಾ ವರ್ಷದ ಆದೇಶಕ್ಕೆ ಒಳಪಟ್ಟಿರುತ್ತದೆ.

ಸದರಿ ಮಾನದಂಡಗಳ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತವಿದೆ, ಕಡಲ್ಕೊರೆತವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಆದುದರಿಂದ ಸಮುದ್ರದ ಅಲೆಗೆ ಮನೆ ಕಳೆದುಕೊಂಡವರು ಅರ್ಜಿಯಲ್ಲಿ ಬರಿದೇ ಕಡಲ್ಕೊರೆತವೆಂದು ಬರೆಯದೆ, ಯಾವ ದಿನಾಂಕದಂದು, ಯಾವ ಚಂಡಮಾರುತದ ಅವಧಿಯಲ್ಲಿ ಹಾನಿಯಾಯಿತೆಂಬುದನ್ನು, ಅದು ವಾಸ್ತವವಾಗಿ ಹಾಗೆಯೇ ಆಗಿದ್ದಲ್ಲಿ, ಸ್ಪಷ್ಟವಾಗಿ ನಮೂದಿಸತಕ್ಕದ್ದು. ಕುಸಿದ ಗೋಡೆಯನ್ನು ತೆರವುಗೊಳಿಸುವ ಮುನ್ನ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಹಾಗೂ ಗ್ರಾಮ ಮಟ್ಟದ ಕಂದಾಯ ಅಧಿಕಾರಿಗಳಿಗೆ ಕೂಡಲೇ ತಿಳಿಸಿ ಸ್ಥಳ ಮಹಜರು ಮಾಡಿಸುವುದು ಸೂಕ್ತ. ದುರಸ್ತಿಯಾದ ಮನೆಯ ಹಾನಿಯನ್ನು ಅಳೆಯುವುದು ಯಾವ ಅಧಿಕಾರಿಗೂ ಸಾಧ್ಯವಾಗದು.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿಕೊಂಡ ರೈತರಿಗೆ ಸಂಬಂಧಿಸಿದಂತೆ, ಕಟಾವಿನ ನಂತರ ಹೊಲದಲ್ಲಿ ಒಣಗಲು ಹರಡಿದ ಬೆಳೆಯು ಚಂಡಮಾರುತ ಅಥವಾ ಚಂಡಮಾರುತದ ಮಳೆಯಿಂದ ಹಾನಿಗೊಂಡಲ್ಲಿ, ಕಟಾವಿನಿಂದ 14 ದಿನಗಳವರೆಗೆ ವಿಮಾ ರಕ್ಷಣೆ ಇರುತ್ತದೆ. ಆದರೆ ಹಾನಿಯಾದ 72 ಗಂಟೆಗಳ ಒಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಮಾಹಿತಿ ನೀಡಬೇಕು. ಮಳೆ ನಿಲ್ಲಲಿ, ಆಮೇಲೆ ನೋಡೋಣ ಎಂದು ಕಾಯುವಲ್ಲಿಯೇ ಈ ಅವಧಿ ಮುಗಿದುಹೋಗುವ ಸಂಭವ ಹೆಚ್ಚು.

ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯನ್ನು 1077 ಸಂಖ್ಯೆಯಲ್ಲಿ, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರ ಬಗ್ಗೆ ಮಾಹಿತಿ ನೀಡಲು ಕರಾವಳಿ ಕಾವಲು ಪಡೆಯನ್ನು 1554 ಸಂಖ್ಯೆಯಲ್ಲಿ ಸಂಪರ್ಕಿಸಬಹುದು. ಕರೆ ಮಾಡುವವರು ಬೋಟಿನ ನೋಂದಣಿ ಸಂಖ್ಯೆ, ಹೊರಟ ಬಂದರು, ಹೊರಟ ದಿನ ಮತ್ತು ಬೋಟಿನಲ್ಲಿರುವವರ ಸಂಖ್ಯೆಯನ್ನು ತಿಳಿಸಬೇಕೆಂದು ಕೋರಲಾಗಿದೆ.